ಹಸ್ತಿನಾಪುರದ ಹಿಂದಿನ ಗುಡ್ಡ

ಮುತ್ತಪ್ಪ ಕೆಮ್ಮಣ್ಣಿನ ಗಡಿಗೆಗೆ ಅಂಟಿನ ನೀರು ಸುರಿದು ಕೋಲಿನಿಂದ ತಿರುವುತ್ತಿದ್ದಾಗ ಹೆಂಡತಿ ರೇಣವ್ವ ಬಾಗಿಲಲ್ಲಿ ಬಂದು ನಿಂತಳು.

“ಮಾಸ್ತರನ್ನ ಅಂಗಳದಾಗ ಮಲಗಿಸ್ಯಾರ. ಊರಿಗೆ ಊರ ಅಲ್ಲೈತಿ. ನೀ ಇಲ್ಲಿ ಬಣ್ಣ ಕಲಸಾಕತ್ತಿ. ಮಂದಿ ಏನಂದಾರು?”

“ಅನ್ನಲಿ. ಆ ದೊಡ್ಡ ಕುಂಚ ಕೊಡು.”

ಛಪ್ಪರದ ಗೋಡೆಯುದ್ದಕ್ಕೂ ತೂಗುಬಿಟ್ಟ ನಾಟಕದ ಪರದೆಯ ಮೇಲೆ ಬಿಳಿಯ ಅರಮನೆಯೊಂದಿತ್ತು. ಗೋಪುರ, ಕಮಾನು, ಕಂಬ, ಎಲ್ಲವೂ ಕಂಪನಿಯವರು ಕೇಳುವ ಹಾಗೆಯೇ. ಅದರ ಹಿಂದಿನ ನೀಲಿ ಆಕಾಶಕ್ಕೆ ಮುತ್ತಪ್ಪ ಕೆಂಪು ಬಳಿಯತೊಡಗಿದ. ನರಸಿಂಹ ಮಾಸ್ತರರ ಹೆಣ ಮನೆಯ ಮುಂದೆ ಬರುವುದರೊಳಗೆ ಅಲ್ಲಿ ಬಾದಾಮಿಯ ಗುಡ್ಡ ಏಳಬೇಕಿತ್ತು.

ಆ ಓಣಿಯವರು ಹೆಣ ಒಯ್ಯುವಾಗ ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ಒಂದು ಗಳಿಗೆ ನಿಲ್ಲುತ್ತಿದ್ದರು. ನಿಲ್ಲುವ ಜಾಗ ಮುತ್ತಪ್ಪನ ಛಪ್ಪರದ ಎದುರಿನ ಬೇವಿನಕಟ್ಟೆ. ಮೂವತ್ತು ವರ್ಷಗಳಲ್ಲಿ ಅವನು ಕುಂಚ ಕೆಳಗಿಟ್ಟು ಎಷ್ಟೋ ಹೆಣಗಳಿಗೆ ಕೈಮುಗಿದಿದ್ದ. ಇವತ್ತು ಮಾತ್ರ ಕುಂಚ ಕೆಳಗಿಡುವ ಹಾಗಿರಲಿಲ್ಲ.

ಪರದೆ ಹೊಲಿದುಕೊಡುವ ದರ್ಜಿ ಖಾಸಿಂಸಾಬ ಏದುಸಿರು ಬಿಡುತ್ತ ಒಳಗೆ ಬಂದ. “ಲೇ ಮುತ್ತ್ಯಾ, ಮಾಸ್ತರ ತಂಗಿ ಭಾಗೀರಥೀಬಾಯಾರು ಎರಡು ಸಲ ಕೇಳಿದ್ರು, ಮುತ್ತಪ್ಪ ಯಾಕ ಬರಲಿಲ್ಲ ಅಂತ. ಸತ್ತ ಮ್ಯಾಲೂ ಸಿಟ್ಟೇನಲೇ ನಿಂದು?”

“ಸಿಟ್ಟು ಮುಗೀತು. ಕೆಲಸ ಮುಗದಿಲ್ಲ. ಅಲ್ಲಿ ಎಲ್ಲೀತನಾ ಬಂತು?”

“ಮಾಸ್ತರ ಅಣ್ಣನ ಮಗ ಪಂಢರೀನಾಥ ಬಾಗಲಕೋಟಿಂದ ಬಂದಾರ. ಚಟ್ಟ ಕಟ್ಟಾಕತ್ತಾರ. ಒಂದು ಬಿದಿರು ಕಮ್ಮಿ ಬಿತ್ತು, ಅಟ್ಟದ ಮ್ಯಾಲಿಂದು ತಗದ್ರು.”

ಮುತ್ತಪ್ಪನ ಕೈ ನಿಂತಿತು. “ನನ್ನ ಪರದಿ ಬಿಚ್ಚಿ ಒಗದ್ರೇನು?”

“ಇಲ್ಲೋ ಮಾರಾಯಾ. ಹನ್ನೊಂದೂ ಸುತ್ತಿದಂಗ ಅದಾವು. ಬಾಜೂಕ ಒಂದು ಖಾಲಿ ಬಿದಿರಿತ್ತು, ಅದನ್ನ ತಗದ್ರು.”

“ಖಾಲಿ ಬಿದಿರು ಅಲ್ಲಿ ಯಾಕಿತ್ತು?”

“ನನಗೇನು ಗೊತ್ತು? ಮಾತು ಸಾಕು, ನನಗೂ ಒಂದು ಕುಂಚ ಕೊಡು.”

*

ಮುತ್ತಪ್ಪನದು ಒಂದೇ ಚಾಳಿ. ಹಸ್ತಿನಾಪುರ ಬರೆಯಲಿ, ಲಂಕೆ ಬರೆಯಲಿ, ಹಿಂದೆ ಬಾದಾಮಿಯ ಕೆಂಪು ಗುಡ್ಡ ಬಂದು ಕೂಡುತ್ತಿತ್ತು. ಬೇಕೆಂದು ಬರೆದದ್ದಲ್ಲ. ಕಣ್ಣು ಬಿಟ್ಟಾಗಿನಿಂದ ಎಲ್ಲ ಮನೆಗಳ ಹಿಂದೆಯೂ ಅದನ್ನೇ ಕಂಡವನಿಗೆ, ಗುಡ್ಡವಿಲ್ಲದೆ ಊರು ನಿಲ್ಲುವುದು ಹೇಗೆಂದೇ ತಿಳಿಯುತ್ತಿರಲಿಲ್ಲ. ದ್ವಾರಕೆಯ ಪರದೆ ನೋಡಿದ ಕಂಪನಿಯ ಮಾಲಕ ತಲೆ ಚಚ್ಚಿಕೊಂಡಿದ್ದ. “ದ್ವಾರಕಿ ಸಮುದ್ರದಾಗ ಐತೋ, ನಿಮ್ಮೂರ ಹೊಂಡದಾಗ ಐತೋ? ಒಯ್ಯಿ ಇದನ್ನ!”

ಹಾಗೆ ತಿರುಗಿ ಬಂದ ಪರದೆಗಳನ್ನು ಕೊಂಡುಕೊಳ್ಳುತ್ತಿದ್ದವರು ಸಾಲೆಯಲ್ಲಿ ಚಿತ್ರ ಕಲಿಸುವ ನರಸಿಂಹ ಮಾಸ್ತರರು. ಮದುವೆ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಇದೊಂದೇ ಹುಚ್ಚು.

“ದ್ವಾರಕಿಯೊಳಗ ನಮ್ಮ ರೇಣವ್ವ ಅರಿವಿ ಒಗೀಲಿಕ್ಕತ್ಯಾಳಲ್ಲೋ!” ಎಂದು ಅವರು ಅಂಗಳದಲ್ಲಿ ಕುಣಿದಾಡಿದ್ದರು. “ಕೃಷ್ಣ ಬಂದು ಕೇಳಿದ್ರೂ ಇದನ್ನ ನಾ ಕೊಡಂಗಿಲ್ಲ.”

ಒಂದೊಂದು ಪರದೆಯನ್ನೂ ಒಂದೊಂದು ಬಿದಿರಿಗೆ ಸುತ್ತಿ ಅಟ್ಟಕ್ಕೇರಿಸುವರು. ಬಿದಿರಿನ ತುದಿಗೆ ಸೀಮೆಸುಣ್ಣದಿಂದ ನಂಬರು, ಹೆಸರು, ಕಂಪನಿಯವರು ಬೇಡವೆಂದ ಕಾರಣ. “೪. ಲಂಕೆ. ಕಾರಣ: ಗುಡ್ಡ.” “೭. ದ್ವಾರಕೆ. ಕಾರಣ: ಗುಡ್ಡ ಮತ್ತು ರೇಣವ್ವ.” ರವಿವಾರಕ್ಕೊಂದು ಬಿಚ್ಚಿ, ಇಬ್ಬರೂ ಚಹಾ ಕುಡಿಯುತ್ತ ನೋಡುತ್ತ ಕೂಡುವರು. ಮುತ್ತಪ್ಪನ ಕಪ್ಪು ಹೊರಗಿನ ಗೂಡಿನಲ್ಲಿ ಬೇರೆ ಇರುತ್ತಿತ್ತು. ಕುಡಿದು ಅವನೇ ತೊಳೆದಿಡುವನು. ಆ ಮಾತನ್ನು ಇಬ್ಬರೂ ಯಾವತ್ತೂ ಎತ್ತಲಿಲ್ಲ.

ರಾಜ್ಯ ಒಂದಾದ ವರ್ಷ ಮುತ್ತಪ್ಪ ಹಟಕ್ಕೆ ಬಿದ್ದು ಮೈಸೂರಿಗೆ ಹೋದ. ನಿಜವಾದ ಅರಮನೆ ನೋಡಿ ಬಂದು, ಎರಡು ತಿಂಗಳು ಕೂತು, ಗುಡ್ಡ ನುಸುಳದ ಹಾಗೆ ಮೈಯೆಲ್ಲ ಎಚ್ಚರವಾಗಿ ಹಸ್ತಿನಾಪುರದ ಬಿಳಿಯ ಅರಮನೆಯ ಪರದೆಯೊಂದನ್ನು ಬರೆದ. ಮೊದಲು ತೋರಿಸಿದ್ದು ಮಾಸ್ತರರಿಗೇ.

ಮಾಸ್ತರರು ಬಹಳ ಹೊತ್ತು ನೋಡಿದರು. “ಭಾಳ ಚಂದ ಅದ. ಆದ್ರ ಇದನ್ನ ಬರದಾವ್ರು ಯಾರು?”

“ನಾನ ಬರದೇನ್ರಿ.”

“ನೀ ಎಲ್ಲಿ ಇದ್ದೀ ಇದರಾಗ? ಗುಡ್ಡ ಬರದು ತೊಗೊಂಡು ಬಾ. ಅಲ್ಲೀತನಾ ನನಗ ಬ್ಯಾಡ.”

ಮುತ್ತಪ್ಪನಿಗೆ ಮೈ ಉರಿದು ಹೋಯಿತು. ಮಂದಿ ನಕ್ಕದ್ದನ್ನು ತಾಳಿದ್ದ. ಮೆಚ್ಚಬೇಕಾದವರೇ ಬೇಡವೆಂದದ್ದನ್ನು ತಾಳಲಾಗಲಿಲ್ಲ. “ಹಂಗಾದ್ರ ನನ್ನ ತಪ್ಪಿಗೇ ನೀವು ರೊಕ್ಕಾ ಕೊಡತಿದ್ರೇನ್ರಿ ಇಷ್ಟು ದಿನ?” ಎಂದು ಪರದೆ ಸುತ್ತಿಕೊಂಡು ಎದ್ದು ಬಂದ. ಆರು ತಿಂಗಳು ಆ ಅಂಗಳ ತುಳಿಯಲಿಲ್ಲ. ಮಾಸ್ತರರು ಖಾಸಿಂಸಾಬನ ಕೈಯಲ್ಲಿ ಹೇಳಿಕಳಿಸುತ್ತಿದ್ದದ್ದು ಒಂದೇ ಮಾತು: ಗುಡ್ಡ ಬಂತೇನು? ಅದನ್ನು ಕೇಳಿದಾಗಲೆಲ್ಲ ಇವನ ಹಟ ಇನ್ನಷ್ಟು ಬಲಿಯುತ್ತಿತ್ತು.

*

“ಕೆಳಗ ನಾ ತುಂಬತೇನಿ, ನೀ ಮ್ಯಾಲಿಂದ ನೋಡು,” ಎಂದು ರೇಣವ್ವ ಸೆರಗು ಸಿಕ್ಕಿಸಿ ಕೂತಳು. ಮೂವರೂ ಕೂಡಿ ಬಳಿದರು. ಬಂಡೆಯ ಸೀಳು, ಗವಿಗಳ ಕಪ್ಪು ಬಾಯಿ, ನೆತ್ತಿಯ ಮೇಲಿನ ಪುಟ್ಟ ಗುಡಿ. ಮುತ್ತಪ್ಪ ಎದುರಿನ ಗುಡ್ಡದ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಆರು ತಿಂಗಳು ತಡೆದು ಹಿಡಿದದ್ದು ತಾನಾಗಿಯೇ ಕೈಗೆ ಬರುತ್ತಿತ್ತು.

ಓಣಿಯ ತಿರುವಿನಲ್ಲಿ “ನಾರಾಯಣ, ನಾರಾಯಣ” ಕೇಳಿಸಿತು. ಪರದೆಯನ್ನು ಹಸಿಹಸಿಯಾಗಿಯೇ ಎತ್ತಿ ಒಯ್ದು ಬೇವಿನ ಟೊಂಗೆಗೆ ಹಗ್ಗ ಬಿಗಿದರು.

ಮುಂದೆ ಬೆಂಕಿಯ ಗಡಿಗೆ ಹಿಡಿದಿದ್ದ ಪಂಢರೀನಾಥ ಗಕ್ಕನೆ ನಿಂತ. “ಏನಿದು? ಸುಡುಗಾಡಿಗೆ ಹೊಂಟ ಹಾದ್ಯಾಗ ನಾಟಕದ ಪರದೆ! ಮೊದಲ ತಗೀರಿ ಇದನ್ನ.”

“ತಗೀತೇನ್ರಿ. ಇಲ್ಲಿ ಒಂದು ಗಳಿಗಿ ಇಳಸೋ ಪದ್ಧತಿ ಐತಿ. ಅಷ್ಟ ಹೊತ್ತು ಮಾಸ್ತರ ನೋಡ್ಲಿ.”

“ಸತ್ತವರು ಏನು ನೋಡತಾರೋ?”

“ಅದು ನನಗ ಗೊತ್ತಿಲ್ರಿ. ಅವರು ಗುಡ್ಡ ಕೇಳಿದ್ರು, ನಾ ತಂದೇನಿ. ಇದನ್ನ ನೋಡದ ಹೋಗಾಕ ನಾ ಬಿಡಂಗಿಲ್ಲ.” ಮುತ್ತಪ್ಪ ದಾರಿಯ ನಡುವೆ ನಿಂತಿದ್ದ. ಮೊಣಕೈವರೆಗೆ ಕೆಂಪು. ಸರಿಯುವ ಲಕ್ಷಣವೇ ಇರಲಿಲ್ಲ.

ಚಟ್ಟದ ಮುಂಭಾಗಕ್ಕೆ ಹೆಗಲು ಕೊಟ್ಟಿದ್ದ ಪ್ರಾಣೇಶ, ಮಾಸ್ತರರ ಹಳೆಯ ವಿದ್ಯಾರ್ಥಿ, ಮೆಲ್ಲಗೆ ಅಂದ: “ಇಳಸ್ರಿ. ಹೆಂಗೂ ಇಲ್ಲೇ ಇಳಸಬೇಕಲ್ಲ.”

ಇಳಿಸಿದರು. ಬಿಳಿ ಅರಮನೆಯ ಹಿಂದೆ ಎದ್ದ ಗುಡ್ಡದಿಂದ ಇನ್ನೂ ಬಣ್ಣ ತೊಟ್ಟಿಕ್ಕುತ್ತಿತ್ತು. ಯಾರೋ ಒಬ್ಬರು, “ಥೇಟ ನಮ್ಮೂರು,” ಎಂದರು.

ಮುತ್ತಪ್ಪ ಕೈಮುಗಿಯಲು ಬಾಗಿದ. ಬಾಗಿದವನು ಹಾಗೆಯೇ ಉಳಿದ. ಚಟ್ಟದ ಎಡಗಡೆಯ ಬಿದಿರಿನ ತುದಿಯಲ್ಲಿ, ಹಗ್ಗದ ಸುತ್ತಿನ ಪಕ್ಕದಲ್ಲಿ, ಸೀಮೆಸುಣ್ಣದ ದುಂಡು ಅಕ್ಷರಗಳಿದ್ದವು:

“೧೨. ಮುತ್ತಪ್ಪನ ಅರಮನೆ. ಗುಡ್ಡ ಬರಬೇಕಾಗಿದೆ.”

ಅವನಿಗೆ ಅಳು ತಡೆಯಲಾಗಲಿಲ್ಲ. ಮಗುವಿನ ಹಾಗೆ ಬಾಯಿಬಿಟ್ಟು ಅತ್ತ. ಆಮೇಲೆ ಮೂಗು ಒರೆಸಿಕೊಂಡು ಬಿದಿರಿನ ಕಡೆ ಕೈ ಚಾಚಿದ. ಮುಟ್ಟಬೇಡ ಎನ್ನಲು ಪಂಢರೀನಾಥ ಬಾಯಿ ತೆರೆದ. ಅಕ್ಷರಗಳು ಅವನ ಕಣ್ಣಿಗೂ ಬಿದ್ದವು. ಅವನು ಬೆಂಕಿಯ ಗಡಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ಮುತ್ತಪ್ಪ ಹಸಿ ಕೆಂಪಿನ ಹೆಬ್ಬೆರಳಿನಿಂದ ಕೊನೆಯ ಪದವೊಂದನ್ನೇ ಉಜ್ಜಿ ಅಳಿಸಿದ. “ಗುಡ್ಡ” ಎಂಬುದನ್ನು ಹಾಗೆಯೇ ಬಿಟ್ಟ.

“ಎತ್ರಿ,” ಎಂದ ಪ್ರಾಣೇಶ. ಕೆಮ್ಮಣ್ಣು ಮೆತ್ತಿದ ಬಿದಿರು ಅವನ ಹೆಗಲೇರಿ, ಪರದೆಯ ಮಗ್ಗುಲಿನಿಂದ ಹಾದು, ಎದುರಿನ ಗುಡ್ಡದ ಕಡೆಗೆ ಹೊರಟಿತು.