ತಂತಿಯಲ್ಲಿ ಇರದ ತೊಡಕು

ಮಸ್ಕಿಯಿಂದ ಸಿಂಧನೂರಿಗೆ ಮರಳುವ ಬಸ್ಸಿನಲ್ಲಿ ವಸೀಮಾಳಿಗೆ ಸೀಟು ಸಿಗಲಿಲ್ಲ. ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರ ಕಂಪ್ಯೂಟರುಗಳ ಉಸ್ತುವಾರಿ ಅವಳದು. ಮಸ್ಕಿ, ಲಿಂಗಸುಗೂರಿನ ಶಾಖೆಗಳೂ ಅವಳ ಹೆಗಲಿಗೇ. ಮಸ್ಕಿಯಲ್ಲಿ ತೆಗೆದ ಎಕ್ಸ್‌ರೇ ಸಿಂಧನೂರಿನ ಡಾಕ್ಟರನ್ನು ಮುಟ್ಟುವಷ್ಟರಲ್ಲಿ ರೋಗಿಗಳು ಬೇಸತ್ತು ತಾವೇ ಆಟೊ ಹತ್ತಿ ಬಂದುಬಿಡುತ್ತಿದ್ದರು. ಎಲ್ಲರೂ ಬೈಯುತ್ತಿದ್ದುದು ಇಂಟರ್ನೆಟ್ ಲೈನನ್ನು. ಕೇಬಲ್ಲಿನ ಖಾಜಾಸಾಬ್ ಬಿಸಿಲಲ್ಲಿ ಕಂಬ ಹತ್ತಿ ಇಳಿದು ಸಾಕಾಗಿದ್ದ. ಇಂದು ವಸೀಮಾ ತಾನೇ ಹೋಗಿ ಪರೀಕ್ಷಿಸಿದ್ದಳು. ಲೈನ್ ಸರಿಯಾಗಿಯೇ ಇತ್ತು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಫೋನ್ ಬಂತು. ಮಸ್ಕಿಯಲ್ಲಿ ಎಕ್ಸ್‌ರೇ ತೆಗೆಯುವ ಐಶ್ವರ್ಯ.

“ಅಕ್ಕಾ, ವೀರಭದ್ರಮ್ಮ ಅಂತ ಒಬ್ಬ ವಯಸ್ಸಾದ ಆಯಿ ಬಚ್ಚಲದಾಗ ಜಾರಿ ಬಿದ್ದಾಳ. ಸೊಂಟದ ಫೋಟೋ ಇನ್ನಾ ಹೋಗಾಕತ್ತೈತಿ. ಆಟೊದಾಗ ಕಳಸ್ಲೇನ್ರಿ?”

“ಬ್ಯಾಡವಾ. ಎಲುಬು ಮುರಿದಿದ್ರ ಆ ಕುಲುಕಾಟಕ್ಕ ಇನ್ನಾ ಹಾಳಾಕ್ಕೈತಿ. ಸ್ವಲ್ಪ ತಡಿ.”

ಉಂಡಿರಲಿಲ್ಲ. ಹಾಗೇ ಹೋಗಿ ಕಂಪ್ಯೂಟರಿನ ಮುಂದೆ ಕುಳಿತಳು. ಬಿಲ್ಲು, ಎಕ್ಸ್‌ರೇ, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲವೂ ಒಂದೇ ದೊಡ್ಡ ಸರ್ವರಿನೊಳಗೆ ಬೇರೆ ಬೇರೆ ವರ್ಚುವಲ್ ಮಷೀನುಗಳಾಗಿ, ಒಂದೇ ಪೆಟ್ಟಿಗೆಯಲ್ಲಿ ಹಲವು ಕಂಪ್ಯೂಟರುಗಳಿರುವಂತೆ, ಓಡುತ್ತಿದ್ದವು. ಅವಳು ಬಿಲ್ಲಿನ ಮಷೀನಿನಿಂದ ಎಕ್ಸ್‌ರೇ ಮಷೀನಿಗೆ ಸುಮ್ಮನೆ ಒಂದಿಷ್ಟು ಡೇಟಾ ಕಳಿಸಿ ನೋಡಿದಳು. ನಡುವೆ ತಂತಿಯೇ ಇಲ್ಲ, ಆದರೂ ಕುಂಟುತ್ತಿತ್ತು. ಹಾಗಾದರೆ ತೊಡಕು ಒಳಗೇ ಇದೆ. ಇನ್ನಷ್ಟು ಕೆದಕಿದಾಗ ಕಂಡಿತು: ಹೊಸ ಕ್ಯಾಮೆರಾಗಳು ಬಂದ ಮೇಲೆ ರೆಕಾರ್ಡಿಂಗ್ ಮಷೀನು ಪ್ರೊಸೆಸರನ್ನೆಲ್ಲ ಹಿಡಿದು ಕೂತಿದೆ. ಬಂದ ಚಿತ್ರವನ್ನು ಒಳಗೆ ಬರಮಾಡಿಕೊಳ್ಳುವುದಕ್ಕೂ ಪ್ರೊಸೆಸರ್ ಬೇಕು. ಎಕ್ಸ್‌ರೇ ಮಷೀನು ತನ್ನ ಪಾಳಿಗಾಗಿ ಕಾಯುತ್ತಲೇ ಇತ್ತು.

ಎಲುಬಿನ ಡಾಕ್ಟರ್ ಸಂಗನಬಸವ ಆಸ್ಪತ್ರೆಯ ಮಾಲೀಕರೂ ಹೌದು. ವಸೀಮಾ ಅವರ ಕೋಣೆಗೆ ಹೋದಳು.

“ಹೊಸ ಲೈನೇ ಹಾಕಿಸಿಬಿಡೂಣ ಅಲಾ?” ಎಂದರು ಅವರು.

“ಲೈನಿಂದಲ್ರಿ ಸರ್. ಕ್ಯಾಮೆರಾ ರೆಕಾರ್ಡಿಂಗ್ ಈಗ ಬಂದ್ ಮಾಡಬೇಕು. ಆಮ್ಯಾಲ ಅದನ್ನ ಬ್ಯಾರೆ ಕಂಪ್ಯೂಟರಿಗೆ ಹಾಕ್ತೀನಿ.”

“ಅಷ್ಟರಾಗ ಕಳವಾದ್ರ ಯಾರು ಜವಾಬ್ದಾರಿ?”

ವಾದಿಸಲು ಅವಳಲ್ಲಿ ತ್ರಾಣವಿರಲಿಲ್ಲ. “ಮಸ್ಕ್ಯಾಗ ಒಬ್ಬ ಆಯಿ ನೋವಿಲೆ ಒದ್ದಾಡಾಕತ್ತಾಳ್ರಿ,” ಎಂದಳು, ಅಷ್ಟೇ.

ಡಾಕ್ಟರು ಹಣೆ ಉಜ್ಜಿಕೊಂಡರು. “ಮಾಡವಾ ಹಂಗಾದ್ರ.”

ರೆಕಾರ್ಡಿಂಗ್ ನಿಲ್ಲಿಸಿದ ಕೂಡಲೇ ಚಿತ್ರ ಬಂದು ಇಳಿಯಿತು. ಡಾಕ್ಟರು ಅದನ್ನು ಹಿಗ್ಗಿಸಿ, ಹೊರಳಿಸಿ ನೋಡಿದರು.

“ಎಲುಬು ಮುರಿದಿಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟು ಅಲ್ಲೇ ಮಲಗಸ್ಲಿಕ್ಕೆ ಹೇಳು.”

ವಸೀಮಾ ಫೋನಿನಲ್ಲಿ ಹೇಳಿದಳು. ಆಚೆಯಿಂದ ಐಶ್ವರ್ಯ “ಆಯೀ, ಮುರಿದಿಲ್ಲಂತ ಬೇ!” ಎಂದು ಕೂಗಿದ್ದು ಕೇಳಿಸಿತು.

ಖುಷಿಪಡಬೇಕಿತ್ತು. ಆದರೆ ಮೈ ಒಂದೇ ಸಮನೆ ನೋಯುತ್ತಿತ್ತು. ಸಾಮಾನು ಕೋಣೆಯಿಂದ ಹಳೆಯ ಕಂಪ್ಯೂಟರನ್ನು ಎತ್ತಿ ತಂದು ಧೂಳು ಒರೆಸಿದಳು. ಬಾಗಿಲಲ್ಲಿ ಡಾಕ್ಟರು ಇಣುಕಿದರು.

“ಕ್ಯಾಮೆರಾ ಯಾವಾಗ ಚಾಲೂ ಆಗ್ತಾವ?”

“ಸಂಜೀಕ ಆಗ್ತಾವ್ರಿ,” ಎಂದು ಅವಳು ನೆಲದ ಮೇಲೆ, ಗೋಡೆಗೆ ಒರಗಿ ಕುಳಿತಳು.