ಎರಡನೇ ಸಾಲಿನ ಎಲೆಗಳು

ಒಂದು ಎಲೆಯ ಪರೀಕ್ಷೆಗೆ ಅವಳ ಎರಡು ದಿನದ ಕೂಲಿಯಷ್ಟು ಖರ್ಚು. ಎಲೆಗಳು ನಲವತ್ತೆಂಟು. ಅಷ್ಟು ಸುರಿದು ತರಿಸಿದ ವರದಿ ಈಗ ಪ್ರಯೋಗಾಲಯದ ಮೇಜಿನ ಮೇಲಿತ್ತು. ಅದರ ಪ್ರಕಾರ, ಅವಳ ಅತ್ತೆ ಮೂವತ್ತು ವರ್ಷ ಕಾಪಾಡಿ ಕೈಗಿತ್ತ ಬದನೆ ಒಂದು ತಳಿಯೇ ಅಲ್ಲ, ಬರೀ ಬೆರಕೆ.

"ನಮ್ಮ ಪ್ರಯೋಗದ ತಾಕಲ್ಲಿ ನಾಲ್ಕು ಸಾಲು, ಸಾಲಿಗೆ ಹನ್ನೆರಡು ಗಿಡ. ಗೇಟಿನ ಕಡೆಯಿಂದ ಮೊದಲ ನಾಲ್ಕು ನಿಮ್ಮದು, ಉಳಿದ ಎಂಟು ಹೋಲಿಕೆಗೆ ಹಾಕಿದ ಪೇಟೆ ಬೀಜದ್ದು," ಎಂದಳು ಪ್ರಯೋಗಾಲಯದ ಮೇಡಂ. "ಜೀನ್ ಗುರುತು ನೋಡಿದ್ರೆ ಎರಡೂ ಕಲಸುಮೇಲೋಗರ. ತಳಿ ಅಂತ ನೋಂದಣಿ ಆಗಲ್ಲ ಅಕ್ಕ. ನಾಳೆ ಗಿಡ ಎಲ್ಲ ಕೀಳಿಸ್ಬೇಕು."

"ಪೇಟೆ ಬದನೆ ತೊಟ್ಟಲ್ಲಿ ಮುಳ್ಳಿಲ್ಲ. ನಮ್ಮದು ಮುಟ್ಟಿದ್ರೆ ರಕ್ತ ಬರುತ್ತೆ. ನಿಮ್ಮ ಯಂತ್ರ ಒಂದ್ಸಲ ಚುಚ್ಚಿಸ್ಕೊಂಡು ಬರ್ಲಿ, ಆಮೇಲೆ ಮಾತಾಡೋಣ."

"ಯಂತ್ರಕ್ಕೆ ಬೆರಳಿಲ್ಲ ಅಕ್ಕ."

"ನನಗಿದೆಯಲ್ಲ. ಪಟ್ಟಿ ಓದಿ, ಒಂದೊಂದೇ ಸಾಲು. ಅಲ್ಲೀವರೆಗೆ ನಾನು ಏಳಲ್ಲ."

ಅಕ್ಷರ ಅಷ್ಟಕ್ಕಷ್ಟೇ ಆದರೂ ಅವಳ ಎಣಿಕೆ ಪಕ್ಕಾ. ಮೊದಲ ಸಾಲು ಸರಿಯಿತ್ತು. ಎರಡನೆಯದು ಅಡ್ಡಾದಿಡ್ಡಿ. ಮೂರನೆಯದು ಸರಿ. ನಾಲ್ಕನೆಯದು ಮತ್ತೆ ಹಾಳು.

"ತಳಿ ಎಲ್ಲಾದ್ರೂ ಸಾಲು ಬಿಟ್ಟು ಸಾಲು ಕೆಡುತ್ತಾ?" ಎಂದವಳಿಗೆ ತಟ್ಟನೆ ಎಲೆ ಕಿತ್ತ ದಿನ ನೆನಪಾಯಿತು. ಮೇಡಂ ಮೊದಲೇ ಅಂಕಿ ಬರೆದ ಪೊಟ್ಟಣಗಳನ್ನು ಕೊಟ್ಟಿದ್ದಳು. ಪ್ರತಿ ಸಾಲನ್ನೂ ಗೇಟಿನ ಕಡೆಯಿಂದಲೇ ಶುರು ಮಾಡಬೇಕಿತ್ತು. ಇವಳೋ, ಬರಿಗೈಯಲ್ಲಿ ವಾಪಸು ನಡೆಯುವುದೇಕೆಂದು ಎರಡನೇ, ನಾಲ್ಕನೇ ಸಾಲನ್ನು ಆ ತುದಿಯಿಂದಲೇ ಕೀಳುತ್ತ ಬಂದಿದ್ದಳು. ಕಳೆ ತೆಗೆಯುವಾಗಲೂ ಅವಳ ಕಾಲು ನಡೆಯುವುದು ಹಾಗೆಯೇ.

"ತಪ್ಪು ನಂದು ಮೇಡಂ, ಗಿಡದ್ದಲ್ಲ. ಎರಡು, ನಾಲ್ಕು ತಿರುಗಾಮುರುಗಾ ಓದಿ."

"ಅಯ್ಯೋ ಅಕ್ಕಾ!" ಮೇಡಂ ಹಣೆ ಚಚ್ಚಿಕೊಂಡು ಪಟ್ಟಿ ಹಿಡಿದು ಹೊರಟೇಬಿಟ್ಟಳು.

ತಾಕಿನಲ್ಲಿ ಒಬ್ಬಳು ಓದಿದಳು, ಇನ್ನೊಬ್ಬಳು ತೊಟ್ಟು ಮುಟ್ಟಿದಳು. ನಾಲ್ಕೂ ಸಾಲಿನಲ್ಲಿ ಕಾಗದಕ್ಕೂ ಮುಳ್ಳಿಗೂ ತಾಳೆಯಾಯಿತು, ಎರಡನೇ ಸಾಲಿನ ನಾಲ್ಕನೇ ಗಿಡವೊಂದನ್ನು ಬಿಟ್ಟು. ಅದಕ್ಕೆ ಮುಳ್ಳಿತ್ತು; ಆದರೆ ಕಾಗದದಲ್ಲಿ ಅರ್ಧ ಅತ್ತೆಯದು, ಅರ್ಧ ಪೇಟೆಯದು. ಎಲ್ಲಕ್ಕಿಂತ ಹೆಚ್ಚು ಕಾಯಿ ಬಿಟ್ಟದ್ದೂ ಅದೇ. ಬೀಜಕ್ಕೆಂದು ಅವಳು ಬಿಳಿ ದಾರ ಕಟ್ಟಿದ್ದು ಅದಕ್ಕೇ.

"ಇನ್ನೊಂದ್ಸಲ ಪರೀಕ್ಷೆ ಮಾಡಿಸೋಣ್ವಾ?" ಮೇಡಂ ಮೆಲ್ಲಗೆ ಕೇಳಿದಳು.

"ಬೇಡ. ಹದಿನೈದಕ್ಕೆ ನಿಮ್ಮ ಯಂತ್ರ ನಂಬಿ, ಒಂದಕ್ಕೆ ಬೇಡ ಅನ್ನೋಕಾಗುತ್ತಾ?"

ದಾರ ಬಿಚ್ಚಿ ಪಕ್ಕದ ಮೂರನೇ ಗಿಡಕ್ಕೆ ಕಟ್ಟಿದಳು. ಆಮೇಲೆ ನಾಲ್ಕನೆಯದರ ಬುಡಕ್ಕೆ ಎರಡೂ ಕೈ ಹಾಕಿ, ಕಾಯಿ ಸಮೇತ ಕಿತ್ತಳು.

ಅತ್ತೆಯ ಹದಿನಾರರಲ್ಲಿ ಹದಿನೈದು ಗಿಡ ಉಳಿದವು. ಒಂದು ಹೋಯಿತು.