ಗಂಟಿನ ಮೇಲೆ ಎರಡು ಬೆರಳು

ಸುಳ್ಳು ಹೇಳುವುದರಲ್ಲಿ ಟೇಲರ್ ಹೊಸಬನೇನಲ್ಲ. ಇನ್ನೂ ಕತ್ತರಿಯೇ ಸೋಕದ ಬಟ್ಟೆಗೆ "ಗುಂಡಿ ಹಾಕೋದೊಂದೇ ಬಾಕಿ, ನಾಳೆ ಬನ್ನಿ" ಎಂದು ಹೇಳಿ ಹೇಳಿ ಅವನ ನಾಲಿಗೆ ಪಳಗಿತ್ತು. ಆದರೆ ಮಹಡಿಯಿಂದ ಅಕ್ಕ "ಗಿಡ ಹೇಗಿದೆಯೋ?" ಎಂದು ಕೂಗಿದಾಗಲೆಲ್ಲ ಅದೇ ನಾಲಿಗೆ ಒಣಗುತ್ತಿತ್ತು.

"ಚೆನ್ನಾಗಿದೆ ಅಕ್ಕ."

ಚೆನ್ನಾಗಿರಲಿಲ್ಲ. ಅಕ್ಕ ಕಾಲು ಮುರಿದುಕೊಂಡು ಮಂಚ ಹಿಡಿದ ಮರುದಿನವೇ, ಅವನು ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡನ್ನು ತೊಳೆಯಲೆಂದು ಹಿತ್ತಲಿಗೆ ಒಯ್ದಿದ್ದ. ಅದು ಕೈಜಾರಿ ಕಿತ್ತಳೆ ಗಿಡದ ಮೇಲೆ ಬಿತ್ತು. ಸೊಂಟದೆತ್ತರದ ಎಳೆ ಗಿಡ ಬುಡದ ಹತ್ತಿರವೇ ಸೀಳಿಹೋಯಿತು. ಅದೇನು ಅಂತಿಂಥ ಗಿಡವೇ? ರಸ್ತೆ ಅಗಲ ಮಾಡಲು ಅಮ್ಮನ ಕಿತ್ತಳೆ ಮರವನ್ನು ಕಡಿಯುವ ಹಿಂದಿನ ದಿನ ಅಕ್ಕ ಹೋಗಿ ಮೂರು ಕಡ್ಡಿ ತಂದು, ಕಾಡುನಿಂಬೆ ಸಸಿಗಳಿಗೆ ತಾನೇ ಕಸಿ ಕಟ್ಟಿದ್ದಳು. ಎರಡು ಒಣಗಿದವು. ಅಮ್ಮನ ಮರವೆಂದು ಈ ಭೂಮಿಯ ಮೇಲೆ ಉಳಿದದ್ದು ಇದೊಂದೇ.

ಗಾಬರಿಯಲ್ಲಿ ಅವನು ಸೀಳಿದ್ದನ್ನೆಲ್ಲ ಕತ್ತರಿಸಿ ಎಸೆದ. ಕಸಿ ಕೂಡಿದ ಜಾಗದಲ್ಲಿ ವಿಕಾರವಾದ ಗಂಟೊಂದಿತ್ತು, ಕೆಲಸ ಬಾರದವರು ಹಾಕಿದ ಹೊಲಿಗೆಯ ಹಾಗೆ. ಅದನ್ನೂ ತೆಗೆದುಬಿಡೋಣ ಎನ್ನಿಸಿತು. ಕೈ ಮಾತ್ರ ಗಂಟಿಗಿಂತ ಎರಡು ಬೆರಳು ಮೇಲಕ್ಕೇ ಕತ್ತರಿ ಹಾಕಿತು.

ಹತ್ತು ದಿನಕ್ಕೆ ಗಂಟಿನ ಕೆಳಗಿನಿಂದ ಚಿಗುರೊಂದು ಹೊರಟಾಗ ಅವನಿಗೆ ಹೋದ ಜೀವ ಬಂದಂತಾಯಿತು. ಬಟ್ಟೆಯ ಅಂಚಿನಿಂದ ಅದನ್ನು ಕೋಲಿಗೆ ಕಟ್ಟಿದ. ದಿನಾ ಬೆಳಿಗ್ಗೆ ಟೇಪು ಹಿಡಿದು ಅಳೆದ. ಅಕ್ಕನ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಇದು ಸೊಂಟ ಮುಟ್ಟಿದರೆ ತಾನು ಬಚಾವ್. ಗೇಣುದ್ದವಾಯಿತು, ಮೊಣಕಾಲು ಮುಟ್ಟಿತು, ಅಲ್ಲಿಂದ ಮುಂದೆ ಎಷ್ಟು ಅಳೆದರೂ ಸಾಲದು. ಊಟ ಸೇರದೆ ಹೋಯಿತು. ಒಬ್ಬ ಗಿರಾಕಿಯ ಅಂಗಿಯ ಎರಡೂ ತೋಳನ್ನು ಒಂದೇ ಕಡೆಗೆ ಹೊಲಿದು ಬೈಸಿಕೊಂಡ.

ಆರನೇ ವಾರ ಪ್ಲಾಸ್ಟರ್ ಬಿಚ್ಚಿದರು. ಅಕ್ಕ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ನೇರ ಹಿತ್ತಲಿಗೆ ಬಂದಳು. ಅಕ್ಕ ಚಿಗುರನ್ನು ಮುಟ್ಟಿ ಚಟ್ಟನೆ ಕೈ ಹಿಂದಕ್ಕೆಳೆದಳು.

"ಅಮ್ಮನ ಗಿಡಕ್ಕೆ ಮುಳ್ಳೆಲ್ಲಿತ್ತೋ?"

ಅವನು ಎಲ್ಲವನ್ನೂ ಹೇಳಿದ. ಅಕ್ಕ ಕಿರುಚಲಿಲ್ಲ. ಕಿರುಚಿದ್ದರೇ ಚೆನ್ನಾಗಿತ್ತು.

"ಇದು ಕಾಡುನಿಂಬೆ ಕಣೋ. ಅಮ್ಮನದು ಗಂಟಿನ ಮೇಲಿರೋದು ಮಾತ್ರ. ಮೊದಲನೇ ದಿನವೇ ಹೇಳಿದ್ದಿದ್ರೆ ಈ ಚಿಗುರನ್ನ ಹೊರಟಾಗಲೇ ಕೀಳಿಸ್ತಿದ್ದೆ. ಇಷ್ಟು ದಿನ ಬೇರಿನ ಸಾರವೆಲ್ಲ ಇದರ ಪಾಲಾಯ್ತು."

ಅವಳು ಮೇಲಿನ ತುಂಡನ್ನು ಉಗುರಿನಿಂದ ಕೆರೆದಳು. ತೊಗಟೆಯ ಅಡಿಯಲ್ಲಿ ಕೂದಲೆಳೆಯಷ್ಟು ಹಸಿರಿತ್ತು.

"ಜೀವ ಇದ್ರೆ ಇಲ್ಲೇ ಇರ್ಬೇಕು. ಕೆಳಗಿನದನ್ನ ಕತ್ತರಿಸು."

"ಇರೋ ಹಸಿರು ಇದೊಂದೇ ಅಲ್ವಾ ಅಕ್ಕ?"

"ಕತ್ತರಿಸು ಅಂದೆ."

ತಾನೇ ಸಾಕಿದ್ದನ್ನು ಅವನು ಬುಡಸಮೇತ ತೆಗೆದ. ಉಳಿದದ್ದು ಮಣ್ಣಿನಲ್ಲಿ ನೆಟ್ಟ ಒಣ ಗೂಟ, ಅಷ್ಟೇ.

ಆಮೇಲಿನ ದಿನಗಳಲ್ಲಿ ಅಕ್ಕ ಮಹಡಿಯಿಂದ ಕೇಳುವುದನ್ನೇ ಬಿಟ್ಟಳು. ಕಾಲು ನೋಯುತ್ತಿದ್ದರೂ ದಿನಾ ಇಳಿದು ಬಂದು ಕಣ್ಣಾರೆ ನೋಡಿ ಹತ್ತಿ ಹೋಗುತ್ತಿದ್ದಳು. "ನಾನೇ ನೋಡಿ ಹೇಳ್ತೀನಿ, ಯಾಕೆ ಇಳೀತೀಯ?" ಎಂದರೆ, "ನೀನು ಹೇಳಿದ್ದು ಸಾಕಪ್ಪ" ಎನ್ನುತ್ತಿದ್ದಳು. ಗಿಡ ಹೋದರೆ ಅದರ ಜೊತೆ ಇನ್ನೂ ಏನೋ ಹೋಗುತ್ತದೆ ಎಂಬ ಭಯ ಅವನಿಗೆ ಹತ್ತಿದ್ದು ಆಗಲೇ.

ಹದಿನೇಳನೇ ದಿನ ಗಂಟಿನ ಮೇಲೆ ಸಾಸಿವೆಯಷ್ಟು ಹಸಿರು ಕಂಡಿತು. ಕಣ್ಣುಜ್ಜಿಕೊಂಡು ನೋಡಿದ. ಟೇಪಿಟ್ಟೂ ನೋಡಿದ. ಬಾಯಿ ಬಿಡದೆ ಅಕ್ಕನಿಗಾಗಿ ಕಾದ.

ಅಕ್ಕ ಬಂದು ಕೂತು ಬಹಳ ಹೊತ್ತು ನೋಡಿದಳು. "ಮೇಲೇ ಬಂದಿದೆ," ಎಂದಳು. ಕಣ್ಣಲ್ಲಿ ನೀರಿತ್ತು. "ಅವತ್ತು ಗಂಟಿನ ಮೇಲೆ ಇಷ್ಟು ಯಾಕೆ ಬಿಟ್ಟೆ? ಗಂಟಿನ ವಿಷಯ ನಿನಗೆ ಗೊತ್ತೇ ಇರಲಿಲ್ಲವಲ್ಲ."

"ಅಭ್ಯಾಸ ಅಕ್ಕ. ಬಟ್ಟೆ ಆದ್ರೂ ಗೆರೆ ಮೇಲೇ ಕತ್ತರಿಸಲ್ಲ, ಎರಡು ಬೆರಳು ಹೆಚ್ಚಿಗೆ ಬಿಡ್ತೀನಿ. ಮುಂದೆ ಬಿಚ್ಚಿ ಸರಿ ಮಾಡೋ ಹಾಗಾದ್ರೆ ಇರಲಿ ಅಂತ."

ಅಕ್ಕ ಅವನ ಭುಜ ಹಿಡಿದು ಎದ್ದಳು.

ಮರುದಿನ ಬೆಳಿಗ್ಗೆ ಅವನು ಗಿಡದ ಮುಂದೆ ಕೂತಿದ್ದಾಗ ಮಹಡಿಯ ಕಿಟಕಿ ತೆರೆಯಿತು.

"ಗಿಡ ಹೇಗಿದೆಯೋ?"

ಚೆನ್ನಾಗಿದೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವನು ಅದನ್ನು ನುಂಗಿಕೊಂಡು ಬಗ್ಗಿ ಸರಿಯಾಗಿ ನೋಡಿದ.

"ನಿನ್ನೆ ಇದ್ದಷ್ಟೇ ಇದೆ ಅಕ್ಕ. ಒಂಚೂರೂ ಬೆಳೆದಿಲ್ಲ."

"ಸರಿ ಹಾಗಾದ್ರೆ," ಎಂದಳು ಅಕ್ಕ. ಆ ದಿನ ಅವಳು ಕೆಳಗಿಳಿದು ಬರಲಿಲ್ಲ.